ಬ್ಯಾಂಕ್ ಹೆಸರಿನ ಫಿಶಿಂಗ್ ಮಿಂಚಂಚೆ

ಫಿಶಿಂಗ್ ಎಂಬುದು ಬ್ಯಾಂಕಿನಂತಹ ನಂಬಿಕಸ್ಥ ಸಂಸ್ಥೆಯ ಹೆಸರಿನಲ್ಲಿ ಸುಳ್ಳು ಸಂದೇಶ ಕಳುಹಿಸಿ, ಗ್ರಾಹಕರಿಂದಲೇ ಗುಪ್ತಪದ, ಕಾರ್ಡ್ ಸಂಖ್ಯೆ ಹಾಗೂ ಒಟಿಪಿಯನ್ನು ಪಡೆದುಕೊಳ್ಳುವ ವಂಚನೆಯಾಗಿದೆ. ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ 66ಸಿ ಮತ್ತು 66ಡಿ ಕಲಮುಗಳಡಿ ಇದಕ್ಕೆ 3 ವರ್ಷಗಳವರೆಗೆ ಸೆರೆವಾಸ ಮತ್ತು 1 ಲಕ್ಷ ರೂಪಾಯಿವರೆಗೆ ದಂಡವಿದೆ.

ವಿಲೀನ ಮತ್ತು ವಂಚನೆ

ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ ಮತ್ತು ರಾಮದುರ್ಗ ತಾಲೂಕುಗಳ ಗ್ರಾಹಕರು ಕೆಲವೇ ವರ್ಷಗಳಲ್ಲಿ ಪರಿಚಿತ ಬ್ಯಾಂಕುಗಳ ಹೆಸರು ಬದಲಾದುದನ್ನು ಕಂಡಿದ್ದಾರೆ. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಧಾರವಾಡದಲ್ಲಿ ಪ್ರಧಾನ ಕಚೇರಿ ಹೊಂದಿದ್ದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕ್ 2025ರ ಮೇ 1ರಿಂದ ಬಳ್ಳಾರಿಯಲ್ಲಿ ಪ್ರಧಾನ ಕಚೇರಿಯುಳ್ಳ ಕರ್ನಾಟಕ ಗ್ರಾಮೀಣ ಬ್ಯಾಂಕಿನ ಭಾಗವಾಯಿತು. ವಿಲೀನದ ಬಳಿಕ ಐಎಫ್‌ಎಸ್‌ಸಿ ಸಂಕೇತ, ಚೆಕ್ ಪುಸ್ತಕ, ಮೊಬೈಲ್ ಆ್ಯಪ್ ಬದಲಾಗುವುದು ಸಾಮಾನ್ಯ. ಖಾತೆ ವರ್ಗಾವಣೆಗಾಗಿ ಕೆವೈಸಿ ನವೀಕರಿಸಬೇಕೆಂಬ ಸುಳ್ಳು ಮಿಂಚಂಚೆ ನಿಜವೆನಿಸುವುದು ಈ ಕಾರಣದಿಂದಲೇ. ವಾಸ್ತವದಲ್ಲಿ ಖಾತೆಗಳನ್ನು ಬ್ಯಾಂಕೇ ವರ್ಗಾಯಿಸುತ್ತದೆ. ಅದಕ್ಕಾಗಿ ಗುಪ್ತಪದವನ್ನಾಗಲಿ ಒಟಿಪಿಯನ್ನಾಗಲಿ ಯಾರಿಗೂ ತಿಳಿಸಬೇಕಾಗಿಲ್ಲ.

ಗುರುತಿಸುವಿಕೆ

ಕಳುಹಿಸಿದವರ ಜಾಗದಲ್ಲಿ ಕಾಣುವ ಹೆಸರನ್ನು ಯಾರು ಬೇಕಾದರೂ ಬರೆದುಕೊಳ್ಳಬಹುದು. ನೋಡಬೇಕಾದುದು ಅದರ ಹಿಂದಿರುವ ವಿಳಾಸವನ್ನು. ಅದನ್ನೂ ನಕಲು ಮಾಡಲು ಸಾಧ್ಯವಿರುವುದರಿಂದ ಕೊಂಡಿಯ ಪರಿಶೀಲನೆ ಹೆಚ್ಚು ಮುಖ್ಯ. ರಿಸರ್ವ್ ಬ್ಯಾಂಕ್ ಎಲ್ಲ ಬ್ಯಾಂಕುಗಳಿಗೂ 2025ರ ಅಕ್ಟೋಬರ್ 31ರೊಳಗೆ ‘ಡಾಟ್ ಬ್ಯಾಂಕ್ ಡಾಟ್ ಇನ್’ ಎಂದು ಕೊನೆಗೊಳ್ಳುವ ಜಾಲತಾಣಕ್ಕೆ ಬದಲಾಗಲು ಸೂಚಿಸಿತ್ತು. ಕೊಂಡಿಯಲ್ಲಿ ಮೊದಲ ಒಂಟಿ ಓರೆಗೆರೆಯ ಹಿಂದಿನ ಭಾಗವನ್ನು ಬಲದಿಂದ ಎಡಕ್ಕೆ ಓದಬೇಕು. ಬ್ಯಾಂಕಿನ ಹೆಸರು ಆರಂಭದಲ್ಲಿದ್ದು, ಓರೆಗೆರೆಗೆ ತಾಗಿ ಬೇರೆ ಹೆಸರಿದ್ದರೆ ತಾಣ ಆ ಬೇರೆಯವರದು. ಇಂಗ್ಲಿಷಿನ ‘ಆರ್’ ಮತ್ತು ‘ಎನ್’ ಸಣ್ಣಕ್ಷರಗಳು ಒತ್ತಾಗಿ ಬಂದರೆ ‘ಎಮ್’ನಂತೆ ಕಾಣುವುದೂ ವಂಚಕರಿಗೆ ಅನುಕೂಲ. ಬ್ಯಾಂಕಿಂಗ್ ಪರವಾನಗಿಯಿಲ್ಲದ ಸೌಹಾರ್ದ ಸಹಕಾರಿಗಳಿಗೆ ಈ ವಿಳಾಸ ದೊರೆಯುವುದಿಲ್ಲ; ಅವುಗಳ ಸಂದೇಶಗಳನ್ನು ಕಚೇರಿಯಲ್ಲೇ ವಿಚಾರಿಸುವುದು ಲೇಸು.

ಬೀಗದ ಚಿಹ್ನೆಯನ್ನು ನಂಬುವಂತಿಲ್ಲ, ಅದು ನಕಲಿ ತಾಣದಲ್ಲಿಯೂ ಇರಬಲ್ಲದು. ಹಿಂದೆ ತಪ್ಪು ಕಾಗುಣಿತವೇ ಸುಳಿವಾಗುತ್ತಿತ್ತು. ಯಂತ್ರಾನುವಾದ ಸುಧಾರಿಸಿರುವುದರಿಂದ ಈಗ ಶುದ್ಧ ಕನ್ನಡದಲ್ಲಿಯೂ ವಂಚನೆಯ ಪತ್ರಗಳು ಬರಬಹುದು. ಇಂದೇ ಖಾತೆ ಸ್ಥಗಿತವಾಗುವುದೆಂಬ ಬೆದರಿಕೆ ಮಾತ್ರ ಹಳೆಯ ಲಕ್ಷಣವಾಗಿಯೇ ಉಳಿದಿದೆ.

ನಷ್ಟದ ಹೊಣೆ

ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯಂತೆ, ಗ್ರಾಹಕರೇ ಗುಪ್ತ ವಿವರ ನೀಡಿದ್ದರೆ ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಅವರದು, ತಿಳಿಸಿದ ನಂತರದ್ದು ಬ್ಯಾಂಕಿನದು. ಆದ್ದರಿಂದ ದೂರು ನೀಡಿದ ಸಮಯಕ್ಕೆ ಮಹತ್ವವಿದೆ. ಬ್ಯಾಂಕಿಗೆ ತಿಳಿಸಿದೊಡನೆ ರಾಷ್ಟ್ರೀಯ ಸಹಾಯವಾಣಿ 1930ಕ್ಕೆ ಕರೆ ಮಾಡಬಹುದು. ಹಣ ಮುಂದಿನ ಖಾತೆಯಿಂದ ಹೊರಹೋಗಿರದಿದ್ದರೆ ಅಲ್ಲಿಯೇ ತಡೆಹಿಡಿಯುವ ಸಾಧ್ಯತೆಯಿರುತ್ತದೆ. ಜಿಲ್ಲೆಯ ಸಿಇಎನ್ ಪೊಲೀಸ್ ಠಾಣೆಯಲ್ಲಿಯೂ ದೂರು ದಾಖಲಿಸಬಹುದು. ಮೂಲ ಮಿಂಚಂಚೆಯನ್ನು ಅಳಿಸದೆ ಸಾಕ್ಷ್ಯವಾಗಿ ಉಳಿಸಿಕೊಳ್ಳಬೇಕು.