ಪದ ತಕ್ಕಂಡ್ ಹೋದವರು

ನಮ್ಮ ತಾತ ನೀಲಗಾರ. ಕಾಮಗೆರೆಯ ನಮ್ಮ ಕೇರಿಯಲ್ಲಿ ತಂಬೂರಿ ಹಿಡಿದು ಮಂಟೇಸ್ವಾಮಿ ಪದ ಹೇಳುತ್ತಿದ್ದವನು. ನಾನು ಸಣ್ಣವನಿದ್ದಾಗ ಪಟ್ಟಣದಿಂದ ಇಬ್ಬರು ಟೇಪ್ ರೆಕಾರ್ಡರ್ ಹೊತ್ತುಕೊಂಡು ಬಂದಿದ್ದರು. ಮೂರು ರಾತ್ರಿ ಹಾಡಿಸಿಕೊಂಡರು. ಅವ್ವ ಇಟ್ಟ ಕಾಪಿಯನ್ನು ಒಬ್ಬರು ಕುಡಿದರು, ಇನ್ನೊಬ್ಬರು ಹೊಟ್ಟೆ ಸರಿಯಿಲ್ಲ ಅಂದರು. ಎಷ್ಟೋ ವರ್ಷಗಳಾದ ಮೇಲೆ ಕಾಲೇಜಿನ ಲೈಬ್ರರಿಯಲ್ಲಿ ಆ ಪದಗಳು ಅಚ್ಚಾಗಿದ್ದುದನ್ನು ನೋಡಿದೆ. ಕೊನೆಯ ಪುಟದ 'ವಕ್ತೃಗಳು' ಪಟ್ಟಿಯಲ್ಲಿ ತಾತನ ಹೆಸರು, ವಯಸ್ಸು, ಜಾತಿ, ಮುಂದೆ 'ಅನಕ್ಷರಸ್ಥ' ಎಂಬ ಒಂದು ಪದ. ಊರಿಗೆ ಬಂದು ಹೇಳಿದಾಗ ತಾತ ನಕ್ಕುಬಿಟ್ಟ. "ಪದ ತಕ್ಕಂಡ್ ಹೋದ್ರು ಕಣ ಮೊಗ, ಪದ ಹೇಳ್ದವ್ನ ಇಲ್ಲೇ ಬುಟ್ರು."

ವಿಶ್ವವಿದ್ಯಾಲಯದ ಸಂಶೋಧನೆಗೂ ನಮ್ಮ ಸೀಮೆಗೂ ಇರುವ ಸಂಬಂಧದ ಚರಿತ್ರೆಯನ್ನು ತಾತನ ಈ ಮಾತಿನಿಂದಲೇ ಓದಬೇಕೆಂದು ನನಗೆ ಅನ್ನಿಸಿದೆ.

ಮೊದಲು ಗಡಿಯ ಮಾತು. 1956ರ ನವೆಂಬರ್ 1ರವರೆಗೆ ಕೊಳ್ಳೇಗಾಲ ತಾಲ್ಲೂಕು ಮದ್ರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಪಕ್ಕದ ಯಳಂದೂರು ಮೈಸೂರಿನದು. ಹೀಗಾಗಿ ರೈಸ್ ಸಾಹೇಬರ ಶಾಸನ ಸಂಪುಟಗಳಲ್ಲಿ ಯಳಂದೂರಿನ ಕಲ್ಲುಗಳಿಗೆ ಜಾಗ ಸಿಕ್ಕಿತು, ಕೊಳ್ಳೇಗಾಲದ ಕಲ್ಲುಗಳಿಗೆ ಸಿಗಲಿಲ್ಲ. ನಮ್ಮ ತಾಲ್ಲೂಕಿನ ಶಾಸನಗಳು ಪರಿಷ್ಕೃತ 'ಎಪಿಗ್ರಾಫಿಯಾ ಕರ್ನಾಟಿಕ'ದ ನಾಲ್ಕನೆಯ ಸಂಪುಟಕ್ಕೆ ಸೇರಲು 1975ರವರೆಗೆ ಕಾಯಬೇಕಾಯಿತು. ಮೈಸೂರು ವಿಶ್ವವಿದ್ಯಾಲಯ 1916ರಲ್ಲೇ ಹುಟ್ಟಿದ್ದರೂ ಮೊದಲ ನಲವತ್ತು ವರ್ಷ ನಾವು ಅದಕ್ಕೆ ಹೊರಗಿನವರು. 1919ರಲ್ಲಿ ವರದಿ ಕೊಟ್ಟ ಮಿಲ್ಲರ್ ಸಮಿತಿಯ ಮಾತು ಕೂಡ ಗಡಿಯಾಚೆಯ ನಮಗೆ ಅನ್ವಯಿಸುತ್ತಿರಲಿಲ್ಲ. ಮದ್ರಾಸಿನ ಕಡೆಯಿಂದ ನಮ್ಮತ್ತ ಬಂದ ವಿದ್ಯೆ ಎಂಥದು? ಅಲ್ಲಿನ ಮ್ಯೂಸಿಯಂ ಮುಖ್ಯಸ್ಥ ಥರ್ಸ್ಟನ್ ಜನರ ಮೂಗು, ತಲೆ ಅಳೆದು 1909ರಲ್ಲಿ ಜಾತಿ-ಬುಡಕಟ್ಟುಗಳ ಏಳು ಸಂಪುಟ ತಂದ. ನಮ್ಮ ಕಾಡಿನ ಸೋಲಿಗರು ಅದರಲ್ಲಿದ್ದಾರೆ. ಅಳತೆಪಟ್ಟಿಯ ಈಚೆ ತುದಿಯಲ್ಲಿ ನಿಂತದ್ದೇ ನಮಗೂ ಆಧುನಿಕ ವಿದ್ಯೆಗೂ ಆದ ಮೊದಲ ಪರಿಚಯ.

ಏಕೀಕರಣದ ನಂತರ ಜಾನಪದದವರು ಬಂದರು. ಇವರ ಋಣ ದೊಡ್ಡದು, ಅದನ್ನು ಮರೆತು ಮಾತಾಡಿದರೆ ಅನ್ಯಾಯವಾಗುತ್ತದೆ. ಮೈಸೂರಿನ ಕನ್ನಡ ಅಧ್ಯಯನ ಸಂಸ್ಥೆ 1966ರಲ್ಲಿ ಶುರುವಾಯಿತು. ಜೀ.ಶಂ. ಪರಮಶಿವಯ್ಯನವರು ಊರೂರು ಸುತ್ತಿದರು. ಪಿ.ಕೆ. ರಾಜಶೇಖರ ಅವರು ಎಪ್ಪತ್ತರ ದಶಕದಲ್ಲಿ ಮಾದೇಶ್ವರನ ಕಾವ್ಯವನ್ನು ಅಚ್ಚಿಗೆ ತಂದರು. 1997ರಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಹಿ.ಚಿ. ಬೋರಲಿಂಗಯ್ಯನವರ 'ಮಂಟೇಸ್ವಾಮಿ' ಮತ್ತು ಕೆ. ಕೇಶವನ್ ಪ್ರಸಾದ್ ಅವರ 'ಮಲೆ ಮಾದೇಶ್ವರ'ವನ್ನು ಪ್ರಕಟಿಸಿತು. ಮಾದೇಶ್ವರ ಕಾವ್ಯ 2001ರಲ್ಲಿ ಸಾಹಿತ್ಯ ಅಕಾಡೆಮಿಯಿಂದ ಇಂಗ್ಲಿಷಿನಲ್ಲಿ ಬಂದಾಗ, ಹಾಡಿದ ಹೆಬ್ಬಣಿ ಮಾದಯ್ಯನವರ ಹೆಸರು ಪುಸ್ತಕದ ಕೊನೆಗಲ್ಲ, ಮುಂದಕ್ಕೇ ಬಂತು. ಸಣ್ಣ ಸಂಗತಿ ಅನ್ನಿಸಬಹುದು. ನನಗೆ ಹಾಗನ್ನಿಸುವುದಿಲ್ಲ.

ಆದರೆ ಈ ಶಿಸ್ತು ಕೇಳಿದ ಪ್ರಶ್ನೆಗಳು ಯಾವುವು? ಇದು ಮಹಾಕಾವ್ಯವೋ ಖಂಡಕಾವ್ಯವೋ, ಆಶಯ ಯಾವುದು, ಪಾಠಾಂತರ ಎಷ್ಟು ಎಂಬಂಥವೇ ಹೆಚ್ಚು. ಕಥೆಯೊಳಗಿನ ಮಂಟೇಸ್ವಾಮಿ ಕೇಳುವ ಪ್ರಶ್ನೆಯೇ ಬೇರೆ. ಹಾಡುಗಾರರಿಂದ ಹಾಡುಗಾರರಿಗೆ ವಿವರ ಬದಲಾದರೂ ತಿರುಳು ಒಂದೇ. ಸತ್ತ ಕರುವನ್ನು ಹೆಗಲ ಮೇಲೆ ಹೊತ್ತು, ಹೆಂಡದ ಗಡಿಗೆ ಹಿಡಿದು, ಕೊಳೆತ ಮೈಯಲ್ಲಿ ಅವನು ಬಸವಣ್ಣನ ಕಲ್ಯಾಣಕ್ಕೆ ಬರುತ್ತಾನೆ. ಜಾತಿಯೇ ಇಲ್ಲ ಎನ್ನುವ ಊರಿನ ಬಾಗಿಲಲ್ಲೇ ಅವನನ್ನು ತಡೆಯುತ್ತಾರೆ. ಸಮಾನತೆಯ ಮಾತಾಡುವವರನ್ನು ಅವರ ಬಾಗಿಲಲ್ಲೇ ನಿಂತು ಪರೀಕ್ಷಿಸುವ ಕಥೆ ಇದು. ಇದನ್ನು 'ಪವಾಡದ ಆಶಯ' ಎಂದು ವರ್ಗೀಕರಿಸಿ ಕಾರ್ಡಿನಲ್ಲಿ ಬರೆದಿಟ್ಟರೆ ಪ್ರಶ್ನೆಯ ಹಲ್ಲು ಕಿತ್ತಂತೆ. ಕರು ಹೊತ್ತ ದೇವರ ಬಗ್ಗೆ ನೂರು ಪುಟ ಬರೆದವರು, ಅದೇ ಊರಿನಲ್ಲಿ ಸತ್ತ ದನವನ್ನು ಇವತ್ತು ಹೊರುವವರು ಯಾರು, ಅವರಿಗೆ ಸಿಗುವ ಕೂಲಿ ಎಷ್ಟು ಎಂದು ಒಂದು ಸಾಲೂ ಕೇಳದೆ ಹೋಗುವುದು ಹೇಗೆ ಸಾಧ್ಯವಾಯಿತು? ಚಿಕ್ಕಲ್ಲೂರು ಜಾತ್ರೆಯ ಪಂಕ್ತಿಸೇವೆಯಲ್ಲಿ ಜಾತಿ ನೋಡದೆ ಸಾಲಾಗಿ ಕೂತು ಬಾಡಿನ ಎಡೆ ಉಣ್ಣುತ್ತಾರೆ. ಅದನ್ನು 'ಆಚರಣೆ' ಎಂದು ಬರೆದುಕೊಂಡವರಲ್ಲಿ ಎಷ್ಟು ಜನ ಆ ಪಂಕ್ತಿಯಲ್ಲಿ ಕೂತರು?

ಯಾರ ಮನೆಯಲ್ಲಿ ಕೂತು ನೋಡಿದೆ ಎಂಬುದು ಸಮಾಜಶಾಸ್ತ್ರಕ್ಕೂ ಒಡ್ಡಬೇಕಾದ ಪ್ರಶ್ನೆ. ಮೈಸೂರಿನವರೇ ಆದ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಆಕ್ಸ್‌ಫರ್ಡಿನಿಂದ ಬಂದು ಮೈಸೂರು ಸೀಮೆಯ ಒಂದು ಹಳ್ಳಿಯಲ್ಲಿ ಕ್ಷೇತ್ರಕಾರ್ಯ ಮಾಡಿದರು. ಆ ಊರಿಗೆ 'ರಾಂಪುರ' ಎಂದು ಹೆಸರಿಟ್ಟು 1976ರಲ್ಲಿ ಪುಸ್ತಕ ತಂದರು. ತಮ್ಮ ನೋಟ ಮೇಲುಜಾತಿಯವರ ಕಡೆಯಿಂದ ಬಂದದ್ದೆಂದು ಅವರೇ ಒಪ್ಪಿಕೊಂಡಿದ್ದಾರೆ. ಆ ಪ್ರಾಮಾಣಿಕತೆಗೆ ಗೌರವವಿದೆ. ಆದರೆ ಗೌಡರ ಜಗಲಿಯಿಂದ ಕಾಣುವ ಊರೇ ಪಠ್ಯವಾಯಿತು, ಕೇರಿಯಿಂದ ಕಾಣುವ ಊರು ಬರೆಯದೆ ಉಳಿಯಿತು.

ವಿಜ್ಞಾನಕ್ಕೆ ಜಾತಿ ಏನು ಸಂಬಂಧ ಅನ್ನುವವರಿಗಾಗಿ ಬಿಳಿಗಿರಿರಂಗನ ಬೆಟ್ಟದ ಮಾತು ಹೇಳುತ್ತೇನೆ. ಸೋಲಿಗರು ಬೇಸಿಗೆಯ ಮೊದಲಲ್ಲಿ ಕಾಡಿಗೆ 'ತರಗು ಬೆಂಕಿ' ಹಾಕುತ್ತಿದ್ದರು. ಒಣ ಎಲೆ ಮಾತ್ರ ಸುಡುವ ಸಣ್ಣ ಬೆಂಕಿ. ಅರಣ್ಯ ಇಲಾಖೆ ಅದನ್ನು ಅಪರಾಧ ಮಾಡಿತು. ಬೆಂಕಿ ನಿಂತಮೇಲೆ ಲಂಟಾನ ಹಬ್ಬಿತು, ನೆಲ್ಲಿ ಮರಕ್ಕೆ ಬದನಿಕೆ ಹತ್ತಿತು ಎಂದು ಸೋಲಿಗ ಮುದುಕರು ಹೇಳುತ್ತಲೇ ಬಂದರು. ಆ ಮಾತು ಪರಿಸರ ವಿಜ್ಞಾನದ ಪತ್ರಿಕೆಗಳಲ್ಲಿ ಊಹೆಯಾಗಿ, ಆಮೇಲೆ ವಾದವಾಗಿ ಅಚ್ಚಾದದ್ದು 2000ದ ನಂತರ. 2009ರಲ್ಲಿ ಸೋಲಿಗರೇ ಆದ ಸಿ. ಮಾದೇಗೌಡರು ತಮ್ಮ ಜನರ ಅರಿವಿನ ಬಗ್ಗೆ 'ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ'ಯಲ್ಲಿ ತಾವೇ ಬರೆದರು. 2011ರಲ್ಲಿ ಆ ಕಾಡು ಹುಲಿ ಸಂರಕ್ಷಿತ ಪ್ರದೇಶವಾದ ವರ್ಷವೇ ಅಲ್ಲಿನ ಸೋಲಿಗರಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ಅಳತೆಪಟ್ಟಿಯ ಈಚೆ ತುದಿಯಲ್ಲಿದ್ದವರು ಪೆನ್ನು ಹಿಡಿದದ್ದಕ್ಕೂ ಹಕ್ಕು ಕೇಳಿದ್ದಕ್ಕೂ ಸಂಬಂಧವಿದೆ.

ನಮ್ಮವರು ವಿಶ್ವವಿದ್ಯಾಲಯದ ಒಳಗೆ ಹೋದದ್ದು ಸುಮ್ಮನೆ ಅಲ್ಲ. 1973ರಲ್ಲಿ ಬಸವಲಿಂಗಪ್ಪನವರು ಮೈಸೂರಿನಲ್ಲಿ ಆಡಿದ 'ಬೂಸಾ' ಮಾತಿಗೆ ಹಾಸ್ಟೆಲ್ ಹುಡುಗರು ಏಟು ತಿಂದರು. ಆ ಏಟಿನಿಂದಲೇ ದಲಿತ ಚಳವಳಿಗೆ, ಸಾಹಿತ್ಯಕ್ಕೆ ಒಂದು ತಲೆಮಾರು ಸಿಕ್ಕಿತು. ದೇವನೂರ ಮಹಾದೇವರ 'ಕುಸುಮಬಾಲೆ' 1984ರಲ್ಲಿ ನಮ್ಮ ಕಡೆಯ ಆಡುಮಾತಿನಲ್ಲೇ ಬಂತು. ಯಾರ ಮಾತನ್ನು 'ಸಾಮಗ್ರಿ' ಅನ್ನುತ್ತಿದ್ದರೋ ಅದೇ ಮಾತು ಚಿಂತನೆಯ ಭಾಷೆಯಾಯಿತು.

ಇಷ್ಟಾದರೂ ನಮ್ಮನ್ನೇ ಕೇಳಿಕೊಳ್ಳಬೇಕಾದ್ದು ಉಳಿದಿದೆ. ಇವತ್ತು ನಮ್ಮ ಹುಡುಗರೂ ಹುಡುಗಿಯರೂ ಪಿಎಚ್.ಡಿ. ಮಾಡುತ್ತಿದ್ದಾರೆ. ಆದರೆ ಎಷ್ಟೋ ಸಲ ಕೈಯಲ್ಲಿರುವುದು ಅದೇ ಹಳೇ ಪ್ರಶ್ನಾವಳಿ. ಕೇರಿಯಿಂದಲೇ ಹೋದವನು ಕೇರಿಗೆ ಬಂದು "ನಿಮ್ಮ ವಾರ್ಷಿಕ ಆದಾಯ?" ಎಂದು ಚಿಕ್ಕಪ್ಪನನ್ನು ಕೇಳಿ, ಟಿಕ್ ಹಾಕಿಕೊಂಡು ಹೋಗುತ್ತಾನೆ. ರೇಷ್ಮೆ ಸಂಶೋಧಿಸುವವನು ಹುಳದ ತಳಿ ನೋಡುತ್ತಾನೆ, ಬಿಸಿನೀರಿನಲ್ಲಿ ನೂಲು ತೆಗೆಯುವ ಹೆಂಗಸಿನ ಬೆರಳು ನೋಡುವುದಿಲ್ಲ. ಚಾಮರಾಜನಗರದ ಅಂಬೇಡ್ಕರ್ ಹೆಸರಿನ ಸ್ನಾತಕೋತ್ತರ ಕೇಂದ್ರ ವಿಶ್ವವಿದ್ಯಾಲಯವೇ ಆಯಿತು. 2025ರಲ್ಲಿ ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಮಾತು ಎದ್ದಾಗ ಅದರ ಹೆಸರೂ ಪಟ್ಟಿಯಲ್ಲಿತ್ತು. ಕಾಮಗೆರೆಯಿಂದ ಬಸ್ಸಿನಲ್ಲಿ ಹೋಗಿ ಸಂಜೆ ಮನೆಗೆ ಬರಬಹುದಾದ ವಿಶ್ವವಿದ್ಯಾಲಯ ನಷ್ಟದ ಲೆಕ್ಕವೆಂದು ಕಂಡರೆ, ಕಲ್ಯಾಣದ ಬಾಗಿಲು ಇನ್ನೂ ಅಲ್ಲೇ ಇದೆ ಎಂದರ್ಥ.

ಮಂಟೇಸ್ವಾಮಿ ತನ್ನ ಶಿಷ್ಯ ಸಿದ್ದಪ್ಪಾಜಿಯನ್ನು ಹಲಗೂರಿನ ಪಾಂಚಾಳರ ಹತ್ತಿರ ಕಬ್ಬಿಣದ ಭಿಕ್ಷೆಗೆ ಕಳಿಸುತ್ತಾನೆ. ಅವರು ಕೊಡುವುದಿಲ್ಲ, ಹಿಂಸಿಸುತ್ತಾರೆ, ಅವನು ಬಿಡುವುದಿಲ್ಲ. ಅನ್ನ ಕೇಳಿದ್ದರೆ ಹಾಕಿ ಕಳಿಸುತ್ತಿದ್ದರೇನೋ. ಅವನು ಕೇಳಿದ್ದು ಹತಾರ ಮಾಡುವ ಕಬ್ಬಿಣ. ವಿಶ್ವವಿದ್ಯಾಲಯದಲ್ಲಿ ನಮಗೆ ಬೇಕಾದ್ದೂ ಅದೇ. ಪದವಿ, ಸ್ಕಾಲರ್‌ಶಿಪ್ಪು ಬೇಕೇ ಬೇಕು, ಅವು ಅನ್ನ. ಅದರ ಜೊತೆಗೆ ಪ್ರಶ್ನೆಯನ್ನು ನಾವೇ ಬರೆಯುವ ಅಧಿಕಾರ ಬೇಕು. ತಾತ ಈಗಿಲ್ಲ. ಇನ್ನು ಮುಂದೆ ಕೇರಿಗೆ ಬರುವ ಸಂಶೋಧಕ, ಅವನು ನಮ್ಮವನೇ ಆಗಿರಲಿ, ಪದ ತಗೊಂಡು ಹೋಗುವ ಮೊದಲು ಪದ ಹೇಳಿದವನ ಪಕ್ಕದಲ್ಲಿ ಕೂತು ಕಾಪಿ ಕುಡಿಯಲಿ. ಆಮೇಲೆ, ನಿನಗೆ ಏನು ಕೇಳಬೇಕು ಅನ್ನಿಸುತ್ತೆ ಎಂದು ಅವನನ್ನೇ ಕೇಳಲಿ.