ಮಾಯಾ ರಾವ್
ಮಾಯಾ ರಾವ್ (2 ಮೇ 1928 – 1 ಸೆಪ್ಟೆಂಬರ್ 2014) ಕರ್ನಾಟಕದ ಪ್ರಸಿದ್ಧ ಕಥಕ್ ಕಲಾವಿದೆ, ನೃತ್ಯ ಸಂಯೋಜಕಿ ಹಾಗೂ ನೃತ್ಯಗುರು. ಇವರು ಬೆಂಗಳೂರಿನ ಮಲ್ಲೇಶ್ವರದಲ್ಲಿ ಜನಿಸಿದರು.

ನೃತ್ಯಾಭ್ಯಾಸ

ಸಂಪ್ರದಾಯಸ್ಥ ಮನೆತನಗಳ ಹೆಣ್ಣುಮಕ್ಕಳು ನೃತ್ಯ ಕಲಿಯುವುದು ಸಮ್ಮತವಲ್ಲದ ಕಾಲವದು. ಉದಯ ಶಂಕರ್ ತಂಡದ ಪ್ರದರ್ಶನದಿಂದ ಪ್ರಭಾವಿತರಾದ ತಂದೆ, ವಾಸ್ತುಶಿಲ್ಪಿ ಹಟ್ಟಂಗಡಿ ಸಂಜೀವ ರಾವ್, ಪುತ್ರಿಯರಿಗೆ ನೃತ್ಯ ಕಲಿಸಲು ನಿರ್ಧರಿಸಿದರು. ಇಬ್ಬರು ತಂಗಿಯರು ಜೈಪುರ ಘರಾನೆಯ ಗುರು ಸೋಹನ್‌ಲಾಲ್ ಅವರಲ್ಲಿ ಪಾಠ ಆರಂಭಿಸಿದರು. ಆಗ 12 ವರ್ಷದವರಾಗಿದ್ದ ಮಾಯಾ ಅವರಿಗೆ ಕಲಿಕೆಯ ವಯಸ್ಸು ಮೀರಿದೆಯೆಂದು ಭಾವಿಸಲಾಗಿತ್ತು. ಬಳಿಕ ತಂದೆ ಒಪ್ಪಿದ್ದರಿಂದ ಅವರೂ ಶಿಷ್ಯೆಯಾದರು. ಮುಂದೆ ದೆಹಲಿಯಲ್ಲಿ ಶಂಭು ಮಹಾರಾಜರಲ್ಲಿ ಕಥಕ್ ಕಲಿತು, ಸೋವಿಯತ್ ಒಕ್ಕೂಟದಲ್ಲಿ ನೃತ್ಯ ಸಂಯೋಜನೆಯನ್ನು ಅಭ್ಯಸಿಸಿದರು. ಸ್ವದೇಶಕ್ಕೆ ಮರಳಿ ನೃತ್ಯ ಸಂಯೋಜನೆಯ ಶಿಕ್ಷಣಕ್ಕಾಗಿಯೇ ಸಂಸ್ಥೆಯೊಂದನ್ನು ಸ್ಥಾಪಿಸಿದರು. 1989ರಲ್ಲಿ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ ಇವರಿಗೆ ಸಂದಿತು.