ಕಟ್ಟು ಬಿಚ್ಚಿದವರು: ಉಡುಪಿ–ಕಾರ್ಕಳ ಸೀಮೆಯ ಓಲೆಗರಿಗಳು

ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿದ್ದ ಧವಲಾ ಎಂಬ ಜೈನ ಗ್ರಂಥದ ತಾಡವಾಲೆಗಳನ್ನು ಬಹುಕಾಲ ಯಾರೂ ಓದಲಿಲ್ಲ, ದರ್ಶನ ಮಾಡಿದರು. ಯಾತ್ರಿಕರು ಬಂದು ಕೈಮುಗಿದು, ಕಾಣಿಕೆ ಹಾಕಿ ಹೋಗುತ್ತಿದ್ದರು. ವೀರಸೇನಾಚಾರ್ಯರು 816ರಲ್ಲಿ ಮುಗಿಸಿದ ಈ ಮಹಾವ್ಯಾಖ್ಯಾನದ ಹಳೆಯ ಪ್ರತಿ ಉಳಿದುಕೊಂಡದ್ದು ಇಲ್ಲಿ ಮಾತ್ರ. ಭಾಷೆ ಪ್ರಾಕೃತ, ನಡುನಡುವೆ ಸಂಸ್ಕೃತ, ಲಿಪಿ ಹಳಗನ್ನಡ. 1896ರ ಸುಮಾರಿಗೆ ಸೊಲ್ಲಾಪುರ, ಮುಂಬಯಿ ಕಡೆಯ ಜೈನ ಶ್ರೀಮಂತರ ಒತ್ತಾಯದಿಂದ ನಕಲು ತೆಗೆಯುವ ಕೆಲಸ ಶುರುವಾಯಿತು. ಅಲ್ಲೇ ಇದ್ದ ಜಯಧವಲಾ, ಮಹಾಧವಲಾ ಗ್ರಂಥಗಳೂ ಸೇರಿ ಎಲ್ಲ ಮುಗಿಯುವಾಗ 1922 ಆಗಿತ್ತು. ನಕಲು ಮಾಡಬಹುದು, ಆದರೆ ಅದು ಊರು ಬಿಟ್ಟು ಹೋಗಕೂಡದು ಎಂಬುದು ಅಲ್ಲಿಯವರ ಷರತ್ತು.

ನಕಲುಗಾರರಲ್ಲಿ ಒಬ್ಬರಾದ ಗಜಪತಿ ಶಾಸ್ತ್ರಿಗಳು ಬಸದಿಯ ಕೆಲಸದ ಜೊತೆಗೇ ಮನೆಯಲ್ಲಿ ಹೆಂಡತಿಯ ನೆರವಿನಿಂದ ಗುಟ್ಟಾಗಿ ಇನ್ನೊಂದು ಪ್ರತಿ ಸಿದ್ಧಮಾಡಿದರು. ಅದು ದೂರದ ಸಹಾರನ್‌ಪುರ ಸೇರಿತು, ಅಲ್ಲಿಂದ ಮತ್ತಷ್ಟು ಪ್ರತಿಗಳಾಗಿ ಹರಡಿತು. ಅವುಗಳ ಆಧಾರದ ಮೇಲೆ ಅಮರಾವತಿಯ ಹೀರಾಲಾಲ್ ಜೈನರು 1939ರಲ್ಲಿ ಮೊದಲ ಸಂಪುಟ ಹೊರತಂದರು; 1958ರ ಹೊತ್ತಿಗೆ 16 ಸಂಪುಟಗಳು ಪೂರ್ತಿಯಾದವು. ಅಚ್ಚು ಶುರುವಾದ ಮೇಲೆ ಮೂಡುಬಿದಿರೆಯವರೇ ಮೂಲ ಗರಿಗಳ ಪಾಠ ಹೋಲಿಸಿ ನೋಡಲು ಒಪ್ಪಿದರು. ಶಾಸ್ತ್ರಿಗಳು ಮಾಡಿದ್ದನ್ನು ಕಳವು ಎನ್ನಬೇಕೋ ಉಪಕಾರ ಎನ್ನಬೇಕೋ ಎಂಬ ಚರ್ಚೆ ಇನ್ನೂ ಇದೆ. ನನ್ನ ಮಟ್ಟಿಗೆ ಅದು ಎರಡೂ ಹೌದು. ಆದರೆ ಬೀಗ ಹಾಕಿ ಕಾದವರ ಪಾಲನ್ನೂ ಮರೆಯಬಾರದು. ಅವರು ಕಾಯದಿದ್ದರೆ ಕದಿಯುವುದಕ್ಕೂ ಏನೂ ಇರುತ್ತಿರಲಿಲ್ಲ.

ಕರಾವಳಿಯಲ್ಲಿ ಓಲೆ ಹುಡುಕುವ ಕೆಲಸಕ್ಕೆ ಇನ್ನೊಂದು ಬಾಗಿಲು ತೆರೆದವರು ಬಾಸೆಲ್ ಮಿಶನ್ನಿನವರು. ಮಂಗಳೂರಿನಲ್ಲಿದ್ದ ಹರ್ಮನ್ ಮೋಗ್ಲಿಂಗ್ 1848ರಿಂದ ಕೆಲವು ವರ್ಷಗಳ ಕಾಲ ಕನ್ನಡ ಕಾವ್ಯಗಳನ್ನು ಕಲ್ಲಚ್ಚಿನಲ್ಲಿ ತಂದರು. ಅವರು ಕೂಡಿಸಿದ ಪ್ರತಿಗಳು ಜರ್ಮನಿಯ ಟ್ಯೂಬಿಂಗನ್ ವಿಶ್ವವಿದ್ಯಾಲಯಕ್ಕೆ ಹೋದವು. ಮಂಗಳೂರಿನಲ್ಲಿ ಜಡ್ಜಿಯಾಗಿದ್ದ ಎ. ಸಿ. ಬರ್ನೆಲ್ ದಕ್ಷಿಣ ಭಾರತದ ಲಿಪಿಗಳ ಬಗ್ಗೆ ಬರೆದ ದೊಡ್ಡ ಪುಸ್ತಕ 1874ರಲ್ಲಿ ಮಿಶನ್ ಪ್ರೆಸ್ಸಿನಲ್ಲೇ ಅಚ್ಚಾಯಿತು. ಇಲ್ಲಿಯ ವೈದಿಕರು ಬಳಸುತ್ತಿದ್ದ ಲಿಪಿಯನ್ನು ಅವರು ‘ತುಳು–ಮಲಯಾಳಂ’ ಎಂದು ಒಟ್ಟಿಗೇ ಗುರುತಿಸಿದರು. ಎರಡಕ್ಕೂ ತಾಯಿ ಗ್ರಂಥಲಿಪಿಯೇ ಆದ್ದರಿಂದ ಅದು ಅಷ್ಟೇನೂ ತಪ್ಪಲ್ಲ.

ಊರಿನವರೇ ಪಟ್ಟಿ ಮಾಡಲು ಕೂತದ್ದು ತಡವಾಗಿ. ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳು ಮೂಡುಬಿದಿರೆಯ ಭಂಡಾರಗಳ ಜೊತೆಗೆ ಕಾರ್ಕಳದ ಜೈನಮಠದ ಗ್ರಂಥಗಳನ್ನೂ ಸೇರಿಸಿ ತಯಾರಿಸಿದ ತಾಡಪತ್ರ ಸೂಚಿ 1948ರಲ್ಲಿ ಕಾಶಿಯಿಂದ ಪ್ರಕಟವಾಯಿತು. ಇಂಥ ಪಟ್ಟಿಯನ್ನು ಯಾರೂ ಮೆಚ್ಚಿ ಓದುವುದಿಲ್ಲ, ಸನ್ಮಾನಕ್ಕೂ ಕರೆಯುವುದಿಲ್ಲ. ಆದರೂ ಈ ಕ್ಷೇತ್ರದಲ್ಲಿ ಅತ್ಯಂತ ಹೆಚ್ಚು ದುಡಿದ ಪುಸ್ತಕಗಳು ಇವೇ.

ಉಡುಪಿಯ ಮಠಗಳ ಕತೆ ಬೇರೆ. ಇಲ್ಲಿಯ ಓಲೆಗಳಲ್ಲಿ ಹೆಚ್ಚಿನವು ಸಂಸ್ಕೃತದವು, ಲಿಪಿ ಮಾತ್ರ ತುಳು. ಅಂಥ ಒಂದು ಗರಿಯನ್ನು ಕೈಯಲ್ಲಿ ಹಿಡಿದು ನೋಡಬೇಕು. ಪದಕ್ಕೂ ಪದಕ್ಕೂ ನಡುವೆ ಜಾಗವಿಲ್ಲ. ಸಾಲು ಎಡದಿಂದ ಬಲಕ್ಕೆ ಒಂದೇ ಉಸಿರಿನಲ್ಲಿ ಓಡುತ್ತದೆ, ದಾರ ಪೋಣಿಸುವ ತೂತಿನ ಹತ್ತಿರ ಮಾತ್ರ ಸ್ವಲ್ಪ ಸರಿದು ದಾರಿ ಬಿಡುತ್ತದೆ. ಕಬ್ಬಿಣದ ಕಂಟದಲ್ಲಿ ಕೊರೆದ ಅಕ್ಷರಕ್ಕೆ ಕಾಡಿಗೆ ತುಂಬಿರದಿದ್ದರೆ ಎದುರಿನಿಂದ ಏನೂ ಕಾಣದು; ಗರಿಯನ್ನು ಬೆಳಕಿಗೆ ಓರೆಯಾಗಿ ಹಿಡಿಯಬೇಕು. ಕೊನೆಯ ಗರಿಯಲ್ಲಿ ಲಿಪಿಕಾರ ಬೆನ್ನು ಕತ್ತು ನೋವಿನ ಬಗ್ಗೆ ಎರಡು ಮಾತು ಹೇಳಿ, ತಪ್ಪಿದ್ದರೆ ಮನ್ನಿಸಿ ಎಂದು ಕೇಳಿ, ಸಂವತ್ಸರದ ಹೆಸರು ಬರೆದು ಕೈತೊಳೆದುಕೊಳ್ಳುತ್ತಾನೆ. ಶಕವರ್ಷ ಹಾಕಿದವರು ಪುಣ್ಯಾತ್ಮರು. ಬರೀ ‘ಪ್ಲವ’ ಎಂದಿದ್ದರೆ ಅದು 1721 ಆಗಬಹುದು, 1781 ಆಗಬಹುದು, 1841 ಕೂಡ ಆಗಬಹುದು. ತಿಥಿ, ವಾರ ಎರಡೂ ಇದ್ದರೆ ಸ್ವಾಮಿಕಣ್ಣು ಪಿಳ್ಳೆಯವರ ಪಂಚಾಂಗ ಕೋಷ್ಟಕ ಬಿಡಿಸಿ ತಾಳೆ ನೋಡಬಹುದು. ಇಲ್ಲದಿದ್ದರೆ ಅಕ್ಷರದ ತಿರುವು ನೋಡಿ ಅಂದಾಜು ಕಟ್ಟುವುದೇ ದಾರಿ.

ಈಗಿನ ಕಾಪು ತಾಲೂಕಿನ ಪಲಿಮಾರಿನಿಂದ ಹೆಸರು ಪಡೆದ ಮಠದಲ್ಲಿ ಮಧ್ವಾಚಾರ್ಯರ ನೇರ ಶಿಷ್ಯ ಹೃಷೀಕೇಶ ತೀರ್ಥರ ಕೈಬರಹವೆಂದು ಪರಂಪರೆ ಹೇಳುವ ಸರ್ವಮೂಲದ, ಅಂದರೆ ಮಧ್ವರ ಕೃತಿಗಳೆಲ್ಲದರ, ಕಟ್ಟು ಇದೆ. ಬನ್ನಂಜೆ ಗೋವಿಂದಾಚಾರ್ಯರು ಈ ಪಾಠವನ್ನೇ ಆಧಾರವಾಗಿಟ್ಟುಕೊಂಡು ಸರ್ವಮೂಲ ಗ್ರಂಥಗಳನ್ನು ಸಂಪಾದಿಸಿದರು. 1969ರಿಂದ 1974ರವರೆಗೆ 5 ಸಂಪುಟಗಳು ಬಂದವು. ಮಣಿಪಾಲದ ‘ಉದಯವಾಣಿ’ಯಲ್ಲಿ ಪತ್ರಕರ್ತರಾಗಿಯೂ ದುಡಿದ ಬನ್ನಂಜೆಯವರಿಗೆ ಪಾಠಾಂತರದ ಜಗಳವನ್ನು ಸಾಮಾನ್ಯ ಓದುಗರಿಗೂ ರುಚಿಸುವಂತೆ ಹೇಳುವ ಕಲೆ ಒಲಿದಿತ್ತು. ನೂರಾರು ವರ್ಷ ಅಚ್ಚಿನಲ್ಲೂ ಬಾಯಲ್ಲೂ ಉಳಿದುಬಂದ ಪಾಠಗಳನ್ನು ಈ ಓಲೆ ಅಲ್ಲಲ್ಲಿ ಅಲುಗಾಡಿಸಿತು. ಸಂಪ್ರದಾಯದೊಳಗೆ ಎಲ್ಲರಿಗೂ ಅದು ಹಿಡಿಸಲಿಲ್ಲವೆಂಬುದೂ ನಿಜ.

ತುಳುಲಿಪಿಯಲ್ಲಿ ಸಂಸ್ಕೃತ ಬಿಟ್ಟು ಬೇರೇನೂ ಇಲ್ಲ ಎಂಬ ಮಾತನ್ನು ಸುಳ್ಳಾಗಿಸಿದವರು ಕಾಸರಗೋಡು ಕಡೆಯ ಮೇಷ್ಟ್ರು ವೆಂಕಟರಾಜ ಪುಣಿಂಚತ್ತಾಯರು. ಮನೆಮನೆ ಅಲೆದು ಅವರು ಹೊರಗೆಳೆದ ಓಲೆಗಳಲ್ಲಿ ವಿಷ್ಣುತುಂಗನ ‘ಶ್ರೀ ಭಾಗವತೊ’ ಇತ್ತು, ‘ಕಾವೇರಿ’ ಇತ್ತು, ಉಡುಪಿ ಹತ್ತಿರದ ಕೊಡವೂರಿನವನೆನ್ನಲಾದ ಅರುಣಾಬ್ಜ ಕವಿಯ ‘ಮಹಾಭಾರತೊ’ ಇತ್ತು. ಈ ಕೊನೆಯದನ್ನು ಉಡುಪಿಯ ಎಂಜಿಎಂ ಕಾಲೇಜಿನ ರಾಷ್ಟ್ರಕವಿ ಗೋವಿಂದ ಪೈ ಸಂಶೋಧನ ಕೇಂದ್ರ ಪ್ರಕಟಿಸಿತು. ಬಾಯಿಂದ ಬಾಯಿಗೆ ಬಂದ ಪಾಡ್ದನದ ಭಾಷೆಯೆಂದು ಎಲ್ಲರೂ ತಿಳಿದಿದ್ದ ತುಳುವಿಗೆ ಬರಹದ ಹಳೆಯ ಕಾವ್ಯಗಳು ಸಿಕ್ಕಿದವು. ಅದೇ ಕೇಂದ್ರದಲ್ಲಿ ಯು. ಪಿ. ಉಪಾಧ್ಯಾಯರು 6 ಸಂಪುಟಗಳ ತುಳು ನಿಘಂಟನ್ನು ಕಟ್ಟಿ 1997ರಲ್ಲಿ ಮುಗಿಸಿದರು. ನಿಘಂಟಿಲ್ಲದೆ ಓಲೆಯ ತುಳುವಿಗೆ ಅರ್ಥ ಹೇಳುವುದು ಎಷ್ಟು ಕಷ್ಟವೆಂದು ಪ್ರಯತ್ನಿಸಿದವರಿಗೇ ಗೊತ್ತು.

ಪಲಿಮಾರು ಮಠದ ಸರ್ವಮೂಲದ ಕಟ್ಟಿಗೆ 2005–06ರಲ್ಲಿ ಹೊಸ ಅತಿಥಿಗಳು ಬಂದರು. ಅಮೆರಿಕದ ರೋಚೆಸ್ಟರ್ ತಾಂತ್ರಿಕ ಸಂಸ್ಥೆಯ ಪಿ. ಆರ್. ಮುಕುಂದ್, ರೋಜರ್ ಈಸ್ಟನ್ ಮತ್ತು ಸಂಗಡಿಗರು. ಈಸ್ಟನ್ ಆಗಲೇ ಆರ್ಕಿಮಿಡೀಸನ ಅಳಿಸಿಹೋದ ಬರಹವನ್ನು ಚರ್ಮದ ಹಾಳೆಯಿಂದ ಮೇಲೆತ್ತುವ ತಂಡದಲ್ಲಿದ್ದವರು. ಇಲ್ಲಿ ಅವರ ಮುಂದಿದ್ದದ್ದು 26 ಇಂಚು ಉದ್ದ, 2 ಇಂಚು ಅಗಲದ ಸುಮಾರು 340 ಗರಿಗಳು. ಹಿಂದೆ ಯಾರೋ ಉಳಿಸುವ ಆಸೆಯಿಂದಲೇ ಹಚ್ಚಿದ ಎಣ್ಣೆ ಗರಿಗಳನ್ನು ಕಡುಕಂದು ಮಾಡಿತ್ತು, ಅಕ್ಷರ ಅದರಲ್ಲೇ ಮುಳುಗಿತ್ತು. ಅವಕೆಂಪು ಬೆಳಕಿನಲ್ಲಿ ಗರಿ ತಿಳಿಯಾಗಿ, ಬರಹ ಕಪ್ಪಾಗಿ ಬೇರ್ಪಟ್ಟಿತು. ಒಂದೊಂದು ಗರಿಯನ್ನೂ 8–10 ತುಂಡುಗಳಾಗಿ ಚಿತ್ರ ತೆಗೆದು ಕಂಪ್ಯೂಟರಿನಲ್ಲಿ ಹೊಲಿದು ಸೇರಿಸಿದರು. ಇಂದಿಗೂ ಮಜ್ಜಿಗೆಹುಲ್ಲಿನ ಎಣ್ಣೆ ಹಚ್ಚುವವರಿದ್ದಾರೆ. ತೆಳುವಾಗಿ, ಸ್ಪಿರಿಟ್ಟಿನಲ್ಲಿ ಬೆರೆಸಿ, ಬಲ್ಲವರ ಕೈಯಿಂದ ಆದರೆ ಅದು ಮದ್ದು. ಅಡುಗೆಮನೆಯ ಎಣ್ಣೆ ಸುರಿದು ಒರೆಸಿದರೆ ಧೂಳು ಕೂತು ಜಿಗುಟಾಗಿ ಗರಿಗಳು ಒಂದಕ್ಕೊಂದು ಅಂಟುತ್ತವೆ. ಹಳೆಯವರು ಅಡುಗೆಮನೆಯ ಅಟ್ಟದಲ್ಲಿ ಹೊಗೆಗೆ ಇಡುತ್ತಿದ್ದುದರಲ್ಲಿ ಇದಕ್ಕಿಂತ ಹೆಚ್ಚಿನ ವಿವೇಕವಿತ್ತು, ಹುಳ ಹತ್ತಿರ ಬರುತ್ತಿರಲಿಲ್ಲ.

ರಾಷ್ಟ್ರೀಯ ಹಸ್ತಪ್ರತಿ ಮಿಶನ್ 2003ರಲ್ಲಿ ಬಂತು. 2025ರ ಬಜೆಟ್ಟಿನಲ್ಲಿ ‘ಜ್ಞಾನ ಭಾರತಂ’ ಹೆಸರಿನಲ್ಲಿ ಒಂದು ಕೋಟಿಗೂ ಮಿಕ್ಕಿ ಹಸ್ತಪ್ರತಿಗಳ ಗುರಿ ಹಾಕಿಕೊಂಡಿತು. ಉಡುಪಿಯಲ್ಲಿ ಪ್ರಾಚ್ಯ ಸಂಚಯ ಸಂಶೋಧನ ಕೇಂದ್ರ ಓಲೆಗಳ ಜೊತೆಗೆ ಓಲೆ ಕೊಡುವ ಮರವನ್ನೂ ಉಳಿಸಲು ಹೊರಟಿತು. ಶ್ರೀತಾಳೆ ಹಲವು ದಶಕ ಬೆಳೆದು, ಒಮ್ಮೆ ಮಾತ್ರ ಹೂ ಬಿಟ್ಟು, ಕಾಯಿ ಬಲಿತ ಮೇಲೆ ಸಾಯುವ ಮರ. ಹೂ ಬಿಟ್ಟರೆ ಅಪಶಕುನವೆಂದು ಮೊದಲೇ ಕಡಿದುಬಿಟ್ಟರೆ ಬೀಜವೂ ಇಲ್ಲ, ಮುಂದಿನ ಮರವೂ ಇಲ್ಲ.

ಒಂದೂವರೆ ಶತಮಾನಕ್ಕೂ ಮಿಕ್ಕಿದ ಈ ದುಡಿಮೆಯಲ್ಲಿ ಕೂಡಿಸುವ ಕೈಗಳು ಹೆಚ್ಚಾದವು, ಚಿತ್ರ ತೆಗೆಯುವ ಯಂತ್ರಗಳು ಅಗ್ಗವಾದವು, ಓದುವವರು ಮಾತ್ರ ಕಡಿಮೆಯಾದರು. 2024ರ ಸೆಪ್ಟೆಂಬರಿನಲ್ಲಿ ಯೂನಿಕೋಡ್ 16ನೇ ಆವೃತ್ತಿಗೆ ತುಳುಲಿಪಿ ‘ತುಳು–ತಿಗಳಾರಿ’ ಎಂಬ ಹೆಸರಿನಲ್ಲಿ ಸೇರಿತು. ಊರುಗಳ ಫಲಕದ ಮೇಲೆ ತುಳು ಅಕ್ಷರ ಕಾಣಿಸಿಕೊಂಡು ಸಂತೋಷವೂ ಆಗಿದೆ. ಆದರೆ ಫಲಕ ಓದಬಲ್ಲ ಹುಡುಗನ ಮುಂದೆ ಸಂಧಿ ಬಿಡಿಸದ ಸಂಸ್ಕೃತದ ಓಲೆಯಿಟ್ಟರೆ ಅವನು ಎರಡನೇ ಸಾಲಿಗೆ ನಿಲ್ಲುತ್ತಾನೆ. ಅಕ್ಷರ, ಭಾಷೆ, ವಿಷಯ ಮೂರೂ ಬಲ್ಲವರನ್ನು ತಯಾರುಮಾಡಲು ವರ್ಷಗಳು ಬೇಕು, ಸಂಬಳದ ಹುದ್ದೆಯೂ ಬೇಕು. ಸ್ಕ್ಯಾನರಿಗೆ ಸಿಗುವ ಅನುದಾನ ಓದುಗನಿಗೆ ಸಿಗುವುದು ಕಷ್ಟ.

ಇನ್ನೊಂದು ಅಸಮಾಧಾನವಿದೆ. ನಾವೆಲ್ಲ ಕಾವ್ಯಕ್ಕೂ ಶಾಸ್ತ್ರಕ್ಕೂ ಆಸೆಪಟ್ಟೆವು. ಗೇಣಿ ಎಷ್ಟು ಮುಡಿ ಅಕ್ಕಿ, ದೇವಸ್ಥಾನದ ಭಂಡಾರಕ್ಕೆ ಯಾರಿಂದ ಏನು ಬರಬೇಕು, ಹಸುವಿಗೆ ಹೊಟ್ಟೆಯುಬ್ಬರವಾದರೆ ಯಾವ ಬೇರು ಎಂದು ಬರೆದಿಟ್ಟ ಕನ್ನಡದ ಓಲೆಗಳನ್ನೂ, ಹುಣಸೆಬೀಜದ ಅಂಟು ಮತ್ತು ಮಸಿ ಬಳಿದ ಬಟ್ಟೆಯ ಕಡತಗಳನ್ನೂ ‘ಬರೀ ಲೆಕ್ಕ’ ಎಂದು ಬದಿಗಿಟ್ಟೆವು. ಮನೆ ಕೆಡವಿ ಕಾಂಕ್ರೀಟ್ ಹಾಕುವಾಗ ಮೊದಲು ಹೊಳೆ ಸೇರುವುದು ಇವೇ. ಇವುಗಳನ್ನು ಮನೆಯವರ ಕೈಯಿಂದ ಕಿತ್ತು ಊರಾಚೆ ಸಾಗಿಸಬೇಕಾಗಿಲ್ಲ. ಒಂದು ಮಧ್ಯಾಹ್ನ ಕೂತು ಚಿತ್ರ ತೆಗೆದು, ಯಾವ ಮನೆ, ಯಾವ ವಿಷಯ, ಎಷ್ಟು ಗರಿ ಎಂದು ಬರೆದುಕೊಂಡು, ಕಟ್ಟನ್ನು ಅವರಿಗೇ ಒಪ್ಪಿಸಿ ಬಂದರೆ ಸಾಕು. ಕಾಪು, ಕಾರ್ಕಳದ ಕಾಲೇಜುಗಳ ಕನ್ನಡ ಮತ್ತು ಇತಿಹಾಸ ವಿಭಾಗಗಳು ಈ ಕೆಲಸವನ್ನು ಸ್ನಾತಕ ವಿದ್ಯಾರ್ಥಿಗಳ ಪ್ರಾಜೆಕ್ಟಿಗೆ ಹಚ್ಚಬಹುದು, ಲೆಕ್ಕದ ಓಲೆಗಳ ಲಿಪಿ ಕನ್ನಡದ್ದೇ ಆದ್ದರಿಂದ ಶುರುಮಾಡುವುದಕ್ಕೆ ತುಳುಲಿಪಿ ಪಂಡಿತರಿಗಾಗಿ ಕಾಯಬೇಕಾಗಿಯೂ ಇಲ್ಲ.